ಅತ್ತೆಯನ್ನು ಎಬ್ಬಿಸುವ ಕುರ್ಚಿ

ಬೆಳಗ್ಗೆಯಿಂದ ಇವತ್ತು ಆದ ಕೆಲಸಗಳು: ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಸಿದೆ. ನೀರು ಬಿಡುವವನು ಬರುವಷ್ಟರಲ್ಲಿ ಸಂಪಿನ ಮುಚ್ಚಳ ತೆಗೆದಿಟ್ಟೆ. ದಂಟಿನ ಸೊಪ್ಪು ಸೋಸಿದೆ. ಇಡ್ಲಿಗೆ ಅಕ್ಕಿ, ಉದ್ದು ನೆನೆಹಾಕಿದೆ. ಗ್ಯಾಸಿನವನಿಗೆ ಫೋನು ಮಾಡಿ, ಅವನು ನಾಳೆ ಅಂದದ್ದಕ್ಕೆ ಸರಿ ಅಂದೆ. ಟೆರೇಸಿನಿಂದ ಒಣಗಿದ ಬಟ್ಟೆ ತಂದು, ಎಂದಿನಂತೆ, ನಡುಮನೆಯ ಮೂಲೆಯಲ್ಲಿರುವ ಕಬ್ಬಿಣದ ಕುರ್ಚಿಯ ಮೇಲೆ ರಾಶಿ ಹಾಕಿದೆ. ಮಡಿಸೋಣವೆಂದು ಎಳೆದರೆ ಟವೆಲ್ಲಿನ ಒಂದು ಎಳೆ ಕುರ್ಚಿಯ ಅಡಿಯ ಬೋಲ್ಟಿಗೆ ಸಿಕ್ಕಿಕೊಂಡಿತ್ತು. ಬಗ್ಗಿ ಅದನ್ನು ಬಿಡಿಸುತ್ತಾ ಕೂತವಳಿಗೆ ಮಿಕ್ಕ ಬಟ್ಟೆ ಮರೆತೇ ಹೋಯಿತು. ಅವು ಇನ್ನೂ ಹಾಗೇ ಬಿದ್ದಿವೆ. ನಾನು ಇಲ್ಲಿ ಬರೆಯುತ್ತಾ ಕೂತಿದ್ದೇನೆ.

ಈ ಕುರ್ಚಿಯನ್ನು ಮೊದಲ ಸಲ ನೋಡಿದವರು, ಹಲ್ಲಿನ ಡಾಕ್ಟರ ಹತ್ತಿರ ಹಳೇದು ಕೊಂಡ್ರಾ ಅಂತ ಕೇಳುತ್ತಾರೆ. ಅಗಲವಾದ ಹಲಗೆ, ಅದರ ಅಡಿಯಲ್ಲಿ ಓರೆಯಾಗಿ ಓಡುವ ಕಬ್ಬಿಣದ ಪಟ್ಟಿಗಳು, ಎರಡು ಮೋಟಾರು, ಒಂದು ಕಡೆ ನೇತಾಡುವ ಸ್ವಿಚ್ಚು. ಈಗ ಬ್ಯಾಟರಿ ಇಲ್ಲ. ಅದನ್ನು ಬಿಚ್ಚಿ ಯಾವಾಗಲೋ ಮನೆಯ ಯುಪಿಎಸ್‌ಗೆ ಹಾಕಿಕೊಂಡೆವು. ಇದು ನಮ್ಮ ಮಗಳು ಚೈತ್ರ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದುವಾಗ ಕೊನೆಯ ವರ್ಷದಲ್ಲಿ ಮಾಡಿದ ಪ್ರಾಜೆಕ್ಟು. ಮಂಡಿ ನೋವಿರುವ ವಯಸ್ಸಾದವರನ್ನು ಕೂತಲ್ಲಿಂದ ಎಬ್ಬಿಸುವ ಕುರ್ಚಿ. ಎಬ್ಬಿಸಬೇಕಾಗಿದ್ದ ವಯಸ್ಸಾದವರು ನಮ್ಮ ಅತ್ತೆ. ಆ ದಿನಗಳಲ್ಲಿ ನಾನು ಪಟ್ಟ ಕಳವಳ ಅಷ್ಟಿಷ್ಟಲ್ಲ.

ಕಳವಳ ನನಗೆ ಹುಟ್ಟಿನಿಂದ ಬಂದದ್ದು ಅನ್ನಿ. ನಾನು ದೊಡ್ಡಬಳ್ಳಾಪುರದವಳು. ನಮ್ಮಪ್ಪನ ಮಗ್ಗಗಳು ಮನೆಯ ಮುಂಭಾಗದಲ್ಲಿ ಇದ್ದವು, ನಾವು ಹಿಂಭಾಗದಲ್ಲಿ. ಆ ಖಟಖಟದಲ್ಲೇ ಮಲಗಿ, ಅದರಲ್ಲೇ ಮಗ್ಗಿ ಬಾಯಿಪಾಠ ಮಾಡಿದವರು. ಮಗ್ಗ ಓಡುತ್ತಿರುವಾಗ ಗಾಢ ನಿದ್ದೆ. ನಿಂತರೆ ಮಕ್ಕಳೆಲ್ಲ ಎದ್ದು ಕೂರುತ್ತಿದ್ದೆವು. ಎಳೆ ಕಡಿಯಿತೋ, ಕರೆಂಟು ಹೋಯಿತೋ, ಅಪ್ಪನ ಕೈಗೇ ಏನಾದರೂ ಆಯಿತೋ ಅಂತ. ಅಂಥ ಮನೆಯಲ್ಲಿ ಬೆಳೆದವಳಿಗೆ ಯಂತ್ರ ಮಾಡುವ ಮಗಳು ಹುಟ್ಟಿದರೆ ಹೇಗಿದ್ದೀತು ನೀವೇ ಯೋಚಿಸಿ.

ಚೈತ್ರ ಚಿಕ್ಕಂದಿನಲ್ಲೇ ನನ್ನ ಮಿಕ್ಸಿಯನ್ನು ಬಿಚ್ಚಿ ಸೇರಿಸಿದಳು. ಸೇರಿಸಿದ ಮೇಲೆ ಒಂದು ಸ್ಕ್ರೂ ಉಳಿಯಿತು. ಮಿಕ್ಸಿ ಓಡಿತು, ಆದರೆ ಆ ಸ್ಕ್ರೂ ಎಲ್ಲಿಯದು ಎಂಬ ಯೋಚನೆಯಲ್ಲಿ ನಾನು ಎಷ್ಟೋ ಕಾಲ ಚಟ್ನಿ ರುಬ್ಬುವಾಗ ಅಡುಗೆಮನೆಯ ಬಾಗಿಲಿನ ಆಚೆ ನಿಂತು ಸ್ವಿಚ್ಚು ಹಾಕುತ್ತಿದ್ದೆ. ಇಂಜಿನಿಯರಿಂಗ್ ಸೇರಿದ ಮೊದಲ ವರ್ಷ ಡ್ರಾಯಿಂಗ್ ಶೀಟು ಸುತ್ತಿಡುವ ಉದ್ದನೆಯ ಕೊಳವೆಯನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುತ್ತಿದ್ದಳು. ಅದು ತಗಲಿದವರೆಲ್ಲ ತಿರುಗಿ ನೋಡುತ್ತಿದ್ದರು. ಮನೆಯಲ್ಲಿ ನಮ್ಮ ಒರಳುಕಲ್ಲನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಬರೆದಳು. ಮೇಲಿನಿಂದ ನೋಡಿದ ಒರಳು ಬರೀ ಒಂದರೊಳಗೊಂದು ಸೊನ್ನೆ. ಇದನ್ನು ನೋಡಿ ಯಾರಾದರೂ ಹಿಟ್ಟು ರುಬ್ಬಲಾದೀತೇ ಅಂತ ನಾನು ಕೇಳಿದೆ.

ಆಮೇಲೆ ಡ್ರಾಯಿಂಗೆಲ್ಲ ಕಂಪ್ಯೂಟರಿನಲ್ಲೇ. ಅದಕ್ಕೆ ಕ್ಯಾಡ್ ಅನ್ನುತ್ತಿದ್ದಳು. ಒಲೆಯ ಮೇಲಿನ ಹಂಚಿನಂತೆ ಕಾಯುವ ಲ್ಯಾಪ್‌ಟಾಪಿನ ಕೆಳಗೆ ಎರಡು ಬಾಟಲಿ ಮುಚ್ಚಳ ಕೊಟ್ಟು, ಗಾಳಿಗೆ ಎತ್ತರಿಸಿ, ಸ್ವಲ್ಪ ಮೊದಲು ಇಲ್ಲದ ವಸ್ತುವೊಂದನ್ನು ತೆರೆಯ ಮೇಲೆ ಎಳೆದು ದಪ್ಪ ಮಾಡಿ, ತೂತು ಕೊರೆದು, ತಿರುಗಿಸಿ ಹಿಂಭಾಗವನ್ನೂ ತೋರಿಸುತ್ತಿದ್ದಳು. ನಾನು ಮೆಚ್ಚುವುದನ್ನು ಬಿಟ್ಟು ಕರೆಂಟಿನ ಕಡೆ ನೋಡುತ್ತಿದ್ದೆ. ಅವಳ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿತ್ತು, ತಂತಿ ಚುಚ್ಚಿಯೇ ಓಡಬೇಕು. ದೀಪ ಒಮ್ಮೆ ಮಿಟುಕಿದರೆ ಸಾಕು, ಅಡುಗೆಮನೆಯಿಂದಲೇ 'ಸೇವ್ ಮಾಡ್ದಾ?' ಅಂತ ಕೂಗುವುದು ನನಗೆ ಅಭ್ಯಾಸವಾಯಿತು. ಬೇರೆ ತಾಯಂದಿರು ಊಟ ಆಯ್ತಾ ಅಂತ ಕೇಳುವ ಹಾಗೆ.

ಈಗ ಅತ್ತೆಯ ವಿಷಯ. ಅವರು ಯಲಹಂಕದ ಹಳೇ ಊರಿನವರೇ. ಅವರು ರಾಗಿ ಕೊಯ್ಯುತ್ತಿದ್ದ ಜಾಗದಲ್ಲಿ ಈಗ ಒಂದು ಅಪಾರ್ಟ್‌ಮೆಂಟಿನ ಈಜುಕೊಳವಿದೆ. ನನ್ನ ಗಂಡ ಯಶವಂತಪುರದ ಮಾರ್ಕೆಟ್ಟಿನ ಈರುಳ್ಳಿ ಮಂಡಿಯಲ್ಲಿ ಗುಮಾಸ್ತರು. ಕತ್ತಲಲ್ಲೇ ಎದ್ದು ಹೋಗುತ್ತಾರೆ. ಹಾಗಾಗಿ ಹಗಲಿಡೀ ಮನೆಯಲ್ಲಿ ನಾನು ಮತ್ತು ಅತ್ತೆ. ಅವರ ಕಾಲಿನ ಮಂಡಿ ಸವೆದಿತ್ತು. ಕೂತರೆ ಏಳಲು ನನ್ನ ಹೆಗಲು ಬೇಕು. ಕರೆಯುವುದಕ್ಕೆ ಅವರಿಗೆ ಸಂಕೋಚ. ಕರೆಯದೆ ತಾವೇ ಏಳಲು ಹೋದರೆ ಎಂದು ನನಗೆ ಭಯ. ಹಾಗಾಗಿ ನಾನು ಯಾವ ಕೆಲಸದಲ್ಲಿದ್ದರೂ ಒಂದು ಕಿವಿಯನ್ನು ನಡುಮನೆಯಲ್ಲೇ ಬಿಟ್ಟಿರುತ್ತಿದ್ದೆ. ಹಿಂದಿನ ಬೀದಿಯಲ್ಲಿ ಅತ್ತೆಯ ವಯಸ್ಸಿನವರೇ ಒಬ್ಬರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮತ್ತೆ ಹಾಸಿಗೆಯಿಂದ ಏಳಲೇ ಇಲ್ಲ. ಸೊಸೆಯನ್ನು ಜನ ಏನೆಲ್ಲ ಅಂದರು ಎಂಬುದೂ ನನಗೆ ಗೊತ್ತಿತ್ತು. ನನ್ನ ನಾದಿನಿ ಜಯಮ್ಮ ದೇವನಹಳ್ಳಿಯಲ್ಲಿದ್ದಾಳೆ. ದಿನಾ ಸಂಜೆ ತಾಯಿಗೆ ಫೋನು ಮಾಡುತ್ತಾಳೆ. ಮಾತು ಮುಗಿಸಿ ನನ್ನನ್ನು ಕರೆದು, 'ಅತ್ತಿಗೆ, ಅಮ್ಮನ್ನ ನೋಡ್ಕೋತಿದೀರಲ್ಲಾ' ಅನ್ನುತ್ತಾಳೆ. ಅದು ಪ್ರಶ್ನೆಯೋ ಹೊಗಳಿಕೆಯೋ ಇವತ್ತಿಗೂ ನನಗೆ ತಿಳಿದಿಲ್ಲ.

ಕಾಲೇಜಿನಲ್ಲಿ ಪ್ರಾಜೆಕ್ಟಿಗೆ ವಿಷಯ ಕೊಡಿ ಎಂದಾಗ ಚೈತ್ರ ಈ ಕುರ್ಚಿಯನ್ನು ಆರಿಸಿಕೊಂಡಳು. ಜೊತೆಗಾರ ಇರ್ಫಾನ್, ಆರ್.ಟಿ. ನಗರದ ಹುಡುಗ. ಅವಳದು ಕ್ಯಾಡ್, ಅವನದು ಕಬ್ಬಿಣ ಕತ್ತರಿಸಿ ವೆಲ್ಡಿಂಗ್ ಮಾಡಿಸುವ ಓಡಾಟ. ನನ್ನ ಬ್ಲೌಸಿನ ಅಳತೆ ಟೇಪು ತಗೊಂಡು ಚೈತ್ರ ಅತ್ತೆಯನ್ನು ಅಳೆದಳು: ಮಂಡಿಯಿಂದ ಪಾದಕ್ಕೆ, ಸೊಂಟದಿಂದ ಮಂಡಿಗೆ, ಕೂತಾಗ ಭುಜದವರೆಗೆ. 'ಅಜ್ಜಿ, ಒಂದು ನಿಮಿಷ ಕಾಲು ಕೆಳಗಿಡು, ಅಲ್ಲಾಡಬೇಡ' ಅಂತ ಅವಳು ಅನ್ನುವುದೂ, ಅತ್ತೆ ಫೋಟೋ ತೆಗೆಸಿಕೊಳ್ಳುವವರಂತೆ ಉಸಿರು ಬಿಗಿಹಿಡಿಯುವುದೂ ನಡೆಯಿತು. ಆ ಅಳತೆಗಳನ್ನು ಹಾಕಿದ ಮೇಲೆ ತೆರೆಯಲ್ಲಿ ಒಬ್ಬ ಬೂದುಬಣ್ಣದ ಮನುಷ್ಯ ಬಂದ. ಕಣ್ಣು ಮೂಗಿಲ್ಲ, ಕೂದಲಿಲ್ಲ. ಅವನು ಕುರ್ಚಿಯಲ್ಲಿ ಕೂರುವುದು, ಕುರ್ಚಿಯ ಹಿಂಭಾಗ ನಿಧಾನವಾಗಿ ಮೇಲೆದ್ದು ಅವನನ್ನು ಮುಂದಕ್ಕೆ ಬಾಗಿಸುವುದು, ಅವನು ನೆಟ್ಟಗೆ ನಿಲ್ಲುವುದು, ಮತ್ತೆ ಕೂರುವುದು. ಅತ್ತೆ ಪಕ್ಕದಲ್ಲಿ ಕೂತು ಧಾರಾವಾಹಿಯ ಹಾಗೆ ಅವನನ್ನು ನೋಡಿದರು. ಬೋಳಪ್ಪ ಅಂತ ಹೆಸರಿಟ್ಟರು. ಅವನಿಗೆ ಏಳೋಕೆ ಕುರ್ಚಿ ಯಾಕೆ ಬೇಕು, ಗಟ್ಟಿಮುಟ್ಟಾಗೇ ಅವ್ನಲ್ಲ ಅಂತ ತಕರಾರು ತೆಗೆದರು.

ಪೀಣ್ಯದ ಒಂದು ಶೆಡ್ಡಿನಲ್ಲಿ ಕಬ್ಬಿಣದ ಕೆಲಸ ನಡೆಯಿತು. ಮಗಳು ಒಬ್ಬಳೇ ಆ ಕಿಡಿಗಳ ನಡುವೆ ನಿಲ್ಲುತ್ತಾಳಲ್ಲ ಎಂದು ನಾನೂ ಒಂದು ದಿನ ಚಿತ್ರಾನ್ನದ ಡಬ್ಬಿ ಹಿಡಿದು ಜೊತೆಗೆ ಹೋದೆ. ಮೆಟ್ರೋ ಆಗಷ್ಟೇ ನಾಗಸಂದ್ರದವರೆಗೆ ಬಂದಿತ್ತು. ಅದು ತಲೆಯ ಮೇಲೆ ಓಡುವುದನ್ನು ನೋಡುತ್ತಾ ಗೊರಗುಂಟೆಪಾಳ್ಯದಲ್ಲಿ ನಮ್ಮ ಬಸ್ಸು ಅಲ್ಲಾಡದೆ ನಿಂತದ್ದು ನೆನಪಿದೆ. ಶೆಡ್ಡಿನಲ್ಲಿ ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ, ಆಂಟಿ ಈ ಕಡೆ ನೋಡಬೇಡಿ, ಬೆಂಕಿ ಬೆಳಕು ಕಣ್ಣಿಗೆ ಹೊಡೆಯುತ್ತೆ ಅಂದರು. ನೋಡಬೇಡಿ ಅಂದ ಕಡೆಗೇ ನನ್ನ ಮಗಳಿದ್ದಳು. ಹಾಗಾಗಿ ಸೆರಗಿನ ಮರೆಯಿಂದ ನೋಡುತ್ತಾ ಕೂತೆ.

ಲಾರಿಯ ಗಾಜು ಒರೆಸುವ ಕಡ್ಡಿ ಇರುತ್ತದಲ್ಲ, ಅದನ್ನು ಓಡಿಸುವ ವೈಪರ್ ಮೋಟಾರನ್ನು ಕುರ್ಚಿಯ ಹಿಂದೆ ಕೂರಿಸಿದರು. ಅದು ಒಂದು ಉದ್ದನೆಯ ಸ್ಕ್ರೂವನ್ನು ತಿರುಗಿಸುತ್ತದೆ, ಸ್ಕ್ರೂ ಹಲಗೆಯನ್ನು ಹಿಂದಿನಿಂದ ಎತ್ತುತ್ತದೆ. ಕುರ್ಚಿ ಲಗೇಜ್ ಆಟೋದಲ್ಲಿ ಮನೆಗೆ ಬಂತು. ಮೊದಲು ಅಕ್ಕಿಮೂಟೆ ಇಟ್ಟು ನೋಡಿದರು. ಆಮೇಲೆ ಚೈತ್ರ ಕೂತಳು, ಇರ್ಫಾನ್ ಕೂತ. ನನ್ನನ್ನೂ ಕೂರಿಸಿದರು. ಬೆನ್ನ ಹಿಂದೆ ಯಾರೋ ಮರ್ಯಾದೆಯಿಂದ 'ಏಳಿ, ಏಳಿ' ಅಂದ ಹಾಗೆ ಅನ್ನಿಸಿ, ಎದ್ದು ನಿಂತೇಬಿಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅತ್ತೆಗೆ ಹೊಸ ಸೀರೆ ಉಡಿಸಿ ಕರೆತಂದೆವು. ಅವರು ಕುರ್ಚಿಯಲ್ಲಿ ಕೂತರು, ಸೆರಗು ಸರಿಮಾಡಿಕೊಂಡರು, ಆಮೇಲೆ ಒಂದೊಂದೇ ಕಾಲನ್ನು ಕೈಯಿಂದ ಎತ್ತಿ ಮೇಲಕ್ಕಿಟ್ಟುಕೊಂಡು ಚಕ್ಕಳಮಕ್ಕಳ ಹಾಕಿದರು. ನೋಡಿ, ಆ ಕ್ಷಣದಲ್ಲಿ ಅಲ್ಲಿದ್ದ ಯಾರಿಗೂ ಏನೂ ಅನ್ನಿಸಲಿಲ್ಲ. ಸೀರೆಯ ಅಂಚು ಎಲ್ಲಿಯಾದರೂ ಸಿಕ್ಕಿಕೊಂಡೀತೆಂದು ನಾನು ಎದುರಿಗೆ ಮಂಡಿಯೂರಿ ಕೂತಿದ್ದೆ. ಚೈತ್ರ ಸ್ವಿಚ್ಚು ಒತ್ತಿದಳು. ಹಿಂದಿನಿಂದ ಹಲಗೆ ಎದ್ದಿತು. ಕಾಲು ಮಡಿಸಿ ಗಂಟು ಹಾಕಿಕೊಂಡ ಮನುಷ್ಯರಿಗೆ ಊರಿಕೊಳ್ಳಲು ಏನಿದೆ? ಮೊರದಿಂದ ರಾಗಿ ಜಾರುವ ಹಾಗೆ ಅತ್ತೆ ಜಾರಿ ನೇರ ನನ್ನ ಮೇಲೆ ಬಂದರು. ಇಬ್ಬರೂ ನೆಲದ ಮೇಲೆ. ನನ್ನ ಕನ್ನಡಕದ ಒಂದು ಕಡ್ಡಿ ಮುರಿಯಿತು. ಅವರ ಮೊಣಕೈ ಕುರ್ಚಿಯ ಅಂಚಿಗೆ ತರಚಿಕೊಂಡು ರಕ್ತ ಜಿನುಗಿತು. ಸ್ವಿಚ್ಚಿನಿಂದ ಬೆರಳು ತೆಗೆಯುವುದನ್ನು ಮರೆತು ಚೈತ್ರ ನಿಂತೇ ಇದ್ದಳು. ಖಾಲಿ ಹಲಗೆ ಗುಯ್ ಎನ್ನುತ್ತಾ ತುದಿಯವರೆಗೂ ಎದ್ದು ನಿಂತಿತು.

ಮೊದಲು ಮಾತಾಡಿದ್ದು ಅತ್ತೆಯೇ. "ಎಬ್ಬಿಸ್ತದೆ ಅಂದ್ರಿ. ಎತ್ತಿ ಒಗೀತದಲ್ಲ ಇದು."

ಮದುವೆಯಾಗಿ ಬಂದಾಗಿನಿಂದ ನೋಡುತ್ತಿದ್ದೇನೆ, ಅತ್ತೆ ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತವರೇ ಅಲ್ಲ. ಬಸ್ಸಿನ ಸೀಟಿನಲ್ಲಿ, ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಆಸ್ಪತ್ರೆಯ ಬೆಂಚಿನಲ್ಲಿ, ಎಲ್ಲ ಕಡೆ ಕಾಲು ಮೇಲೆ. ಇಳಿಬಿಟ್ಟರೆ ಜೋಮು ಹಿಡಿಯುತ್ತದೆ, ಪಾದ ಊದಿಕೊಳ್ಳುತ್ತದೆ. ನಮ್ಮೂರ ಕಡೆಯ ಮುದುಕಿಯರೆಲ್ಲ ಹಾಗೆಯೇ. ಇಷ್ಟು ವರ್ಷ ದಿನವೂ ನೋಡಿದ್ದರಿಂದಲೇ ನಮಗೆ ಅದು ಕಾಣಿಸಲಿಲ್ಲವೋ ಏನೋ. ಅಳತೆ ತೆಗೆಯುವಾಗ ಒಂದು ನಿಮಿಷ ಕಾಲು ಕೆಳಗಿಡಿಸಿದೆವು. ಆ ಒಂದು ನಿಮಿಷದ ಅತ್ತೆಗೆ ಕುರ್ಚಿ ಮಾಡಿದೆವು. ಬೋಳಪ್ಪನಿಗೆ ಕೂರಲು ಗೊತ್ತಿದ್ದದ್ದು ಒಂದೇ ರೀತಿ.

ಮೊಣಕೈಗೆ ಅರಿಶಿನ ಹಚ್ಚಿದೆ. ಸೊಂಟ ಮುಟ್ಟಿ ನೋಡಿದೆ, ನಡೆಸಿ ನೋಡಿದೆ, ಮತ್ತೆ ಮತ್ತೆ ಕೇಳಿ ಅವರಿಗೆ ಸಿಟ್ಟು ಬರಿಸಿದೆ. ಸಂಜೆ ಜಯಮ್ಮನ ಫೋನು ಬಂದಾಗ ನಾನು ಅಡುಗೆಮನೆಯ ಬಾಗಿಲಿಗೇ ಅಂಟಿಕೊಂಡು ನಿಂತೆ. ಅತ್ತೆ ಮಾತ್ರ, "ಏನಿಲ್ಲ ಕಣವ್ವ, ಸೆಂದಾಗಿವ್ನಿ. ಮೊಮ್ಮಗಳು ಕುರ್ಚಿ ಮಾಡ್ತಾವ್ಳೆ. ಇನ್ನೂ ಪೂರ್ತಿ ಆಗಿಲ್ಲ" ಅಂದು ಇಟ್ಟುಬಿಟ್ಟರು.

ಪೂರ್ತಿ ಆಗಿಲ್ಲ ಎಂಬ ಮಾತು ಚೈತ್ರಳಿಗೆ ತಾಕಿತು. ಅಲ್ಲಿಯವರೆಗೆ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು. ವೈವಾ ಹತ್ತಿರ ಬಂದಿತ್ತು. ಹೊರಗಿನ ಕಾಲೇಜಿನಿಂದ ಪರೀಕ್ಷಕರು ಬಂದು ಯಂತ್ರ ಓಡಿಸಿ ನೋಡುತ್ತಾರೆ. ರಿಪೋರ್ಟು ಆಗಲೇ ಪ್ರಿಂಟಾಗಿ, ರಟ್ಟು ಹಾಕಿಸಿ, ಬೋಳಪ್ಪನ ಚಿತ್ರಗಳ ಸಮೇತ ಸಿದ್ಧವಾಗಿತ್ತು. ಇರ್ಫಾನ್ ಅವಳಿಗೆ, 'ಮಗಾ, ಒಂದು ಬೆಲ್ಟು ಹಾಕಿಬಿಡೋಣ, ಅವತ್ತು ನಾನೇ ಕೂರ್ತೀನಿ, ಮುಗಿದುಹೋಗುತ್ತೆ' ಅಂದ. ನಾನೂ ಅದನ್ನೇ ಹೇಳಿದೆ. ಸತ್ಯ ಹೇಳಬೇಕೆಂದರೆ ಅವನಿಗಿಂತ ಜೋರಾಗಿ ಹೇಳಿದೆ. ಅತ್ತೆಯನ್ನು ಮತ್ತೆ ಆ ಕುರ್ಚಿಯ ಹತ್ತಿರ ಸುಳಿಯಲು ಬಿಡುವುದಿಲ್ಲ ಎಂದೂ ಹೇಳಿದೆ.

ಚೈತ್ರ, "ಅಮ್ಮ, ಇದು ಯಾರಿಗೆ ಮಾಡಿದ್ದು ಅಂತ ಕೇಳಿದ್ರೆ ನಾನು ಇರ್ಫಾನ್‌ಗೆ ಅನ್ಲಾ?" ಅಂದಳು.

ನಾನು ಕರೆಂಟು ಇದೆಯೋ ಇಲ್ಲವೋ ಎಂದು ನೋಡಲು ಎದ್ದುಹೋದೆ.

ಅವಳು ತೆರೆಯಿಂದ ಬೋಳಪ್ಪನನ್ನು ಅಳಿಸಿ ಹಾಕಿದಳು. ಅವನ ಜಾಗಕ್ಕೆಂದು ಅತ್ತೆಯನ್ನು ಮತ್ತೆ ಅಳೆದಳು, ಈ ಸಲ ಅವರು ಕೂರುವ ಹಾಗೆ ಕೂತಿರುವಾಗ. ಹಲಗೆ ಅಗಲವಾಯಿತು, ಪಕ್ಕದ ಹಿಡಿಗಳು ದೂರ ಸರಿದವು. ಹಿಂದಿನಿಂದ ಬಾಗಿಸುವ ಬದಲು ಹಲಗೆಯೇ ಮಟ್ಟಸವಾಗಿ ಮೇಲೇರಬೇಕು, ಅಂಗಡಿಯ ಹಳೇ ತಕ್ಕಡಿಯ ತಟ್ಟೆ ಏರಿದರೂ ವಾಲುವುದಿಲ್ಲವಲ್ಲ, ಹಾಗೆ. ಮಡಿಸಿದ ಕಾಲಿನಲ್ಲೇ ಅತ್ತೆ ಎತ್ತರಕ್ಕೆ ಹೋಗಬೇಕು. ಹಲಗೆ ಅಲ್ಲಿ ನಿಂತ ಮೇಲೆ ಕಾಲು ಇಳಿಬಿಟ್ಟರೆ ಪಾದ ನೆಲಕ್ಕೆ ತಾಗಬೇಕು. ಮಂಡಿ ಮಡಿಸದೆ ಹಾಗೇ ಸರಿದು ನಿಂತುಬಿಡಬಹುದು. ಕೇಳಲು ಚೆನ್ನಾಗಿತ್ತು. ಆದರೆ ಪೂರ್ತಿ ಮೈಭಾರ ಎತ್ತಬೇಕಾದಾಗ ವೈಪರ್ ಮೋಟಾರು ನರಳಿ ನಿಂತಿತು. ಇರ್ಫಾನ್ ಕುರ್ಚಿಯನ್ನು ಮತ್ತೆ ಪೀಣ್ಯಕ್ಕೆ ಸಾಗಿಸಿ ಇನ್ನೊಂದು ಮೋಟಾರು ಹಾಕಿಸಿದ, ಪಟ್ಟಿಗಳನ್ನು ಬದಲಿಸಿದ. ಕುರ್ಚಿ ಅಲ್ಲಿಂದ ನೇರ ಕಾಲೇಜಿಗೆ ಹೋಯಿತು. ಮನೆಯಲ್ಲಿ ಪರೀಕ್ಷೆ ಮಾಡಿ ನೋಡಲು ಪುರಸೊತ್ತೇ ಸಿಗಲಿಲ್ಲ. ಈ ಒಂದು ವಾಕ್ಯವನ್ನು ಬರೆಯುವಾಗಲೂ ನಾನು ನೀರು ಕುಡಿದು ಬಂದೆ.

ವೈವಾ ದಿನ ಬೆಳಗ್ಗೆ ಅತ್ತೆ ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿಕೊಂಡು, ಬಾಗಿಲಲ್ಲಿ ಕೂತಿದ್ದರು. ನೀವು ಬರೋದು ಬೇಡ ಅತ್ತೆ ಎಂದು ನಾನು ಎಷ್ಟು ಬಗೆಯಲ್ಲಿ ಹೇಳಿದರೂ ಕೇಳಲಿಲ್ಲ. "ನಂಗೆ ಅಂತ ಮಾಡಿರೋ ಕುರ್ಚಿ. ಆ ಹುಡುಗ ಯಾಕೆ ಕೂತ್ಕಬೇಕು? ಅವನಿಗೇನು ಬಂದದೆ ಮಂಡಿಗೆ?" ಅಂದರು. ಗಂಡನಿಗೆ ಫೋನು ಮಾಡಿದೆ. ಮಾರ್ಕೆಟ್ಟಿನ ಗದ್ದಲದ ನಡುವಿನಿಂದ ಅವರು, ಅಮ್ಮ ಹೊರಟ ಮೇಲೆ ತಡೆಯೋಕೆ ನನ್ನ ಕೈಲಿ ಯಾವತ್ತು ಆಗಿದೆ ಅಂದರು. ಆಟೋ ತರಿಸಿದೆ. ದಾರಿಯುದ್ದಕ್ಕೂ ನಾನು ಒಂದು ತಲೆದಿಂಬನ್ನು ಅಪ್ಪಿಕೊಂಡು ಕೂತಿದ್ದೆ. ಬಿದ್ದರೆ ಕೆಳಗೆ ಹಾಕಲು. ಕಾಲೇಜಿನ ಗೇಟಿನಲ್ಲಿ ಸೆಕ್ಯುರಿಟಿಯವನು ದಿಂಬು ಯಾಕೆ ಅಂತ ಕೇಳಿದ. ಪ್ರಾಜೆಕ್ಟು ಅಂದೆ.

ಲ್ಯಾಬಿನಲ್ಲಿ ಪರೀಕ್ಷಕರು ರಿಪೋರ್ಟಿನ ಹಾಳೆ ತಿರುವುತ್ತಿದ್ದರು. ಮಿತಭಾಷಿ, ತೆಳ್ಳಗಿನ ಮನುಷ್ಯ. ಬೋಳಪ್ಪನ ಚಿತ್ರ ನೋಡಿ, ಎದುರಿಗಿದ್ದ ಕುರ್ಚಿ ನೋಡಿ, ಇದರಲ್ಲಿ ಇರೋದೇ ಒಂದು, ಇಲ್ಲಿ ಇರೋದೇ ಒಂದು, ಯಾಕಮ್ಮ ಅಂತ ಕೇಳಿದರು. ರಟ್ಟು ಹಾಕಿದ್ದು ಹಳೆಯ ವಿನ್ಯಾಸ, ಅದು ತಪ್ಪಾಗಿತ್ತು ಸರ್ ಎಂದು ಚೈತ್ರ ಹೇಳಿದಳು. ಆ ಮಾತಿಗೆ ಅವರು ಏನೋ ಬರೆದುಕೊಂಡರು. ಅವರ ಪೆನ್ನು ಎಷ್ಟು ಹೊತ್ತು ಓಡಿತೋ ಅಷ್ಟು ಹೊತ್ತೂ ನಾನು ಬಾಗಿಲ ಹೊರಗಿನಿಂದ ದಿಂಬನ್ನು ಹಿಂಡುತ್ತಿದ್ದೆ.

ಅತ್ತೆ ಇರ್ಫಾನನ ಕೈ ಹಿಡಿದು ನಡೆದುಹೋಗಿ ಕೂತರು. ಒಂದು ಕಾಲು ಮೇಲಕ್ಕಿಟ್ಟರು. ಎರಡನೆಯದನ್ನು ಎತ್ತಿಕೊಳ್ಳುವಾಗ ಪರೀಕ್ಷಕರು ಗಾಬರಿಯಾಗಿ, ಅಮ್ಮಾ, ಕಾಲು ಕೆಳಗಿಟ್ಟುಕೊಳ್ಳಿ, ಬೀಳ್ತೀರಿ ಅಂದರು.

"ಬೇಡ ಸರ್," ಅಂದಳು ಚೈತ್ರ. "ನಮ್ಮಜ್ಜಿ ಕೂರೋದೇ ಹೀಗೆ."

ಸ್ವಿಚ್ಚು ಒತ್ತಿದಳು. ಅತ್ತೆ ಕೂತ ಹಾಗೇ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಒಂದು ಚೂರೂ ವಾಲದೆ ಮೇಲಕ್ಕೆ ಏರತೊಡಗಿದರು. ಅರ್ಧ ದಾರಿಯಲ್ಲಿ ಮೋಟಾರಿನ ಸದ್ದು ನಿಂತಿತು. ನಾನು ಬಾಗಿಲು ದಾಟಿ ಒಳಗೆ ಬಂದದ್ದು ನನಗೇ ತಿಳಿಯಲಿಲ್ಲ. ಇರ್ಫಾನ್ ನೆಲಕ್ಕೆ ಬಿದ್ದು ಬ್ಯಾಟರಿಯ ತಂತಿ ತಡಕಾಡುತ್ತಿದ್ದ. ಚೈತ್ರ ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತುತ್ತಿದ್ದಳು. ಅತ್ತೆ ಮೇಲಿನಿಂದ ಎಲ್ಲರನ್ನೂ ಒಮ್ಮೆ ನೋಡಿ, "ಇನ್ನೂ ಮ್ಯಾಕ್ ಓಯ್ತದಾ, ಇಷ್ಟೇನಾ?" ಎಂದು ಕೇಳಿದರು. ಪರೀಕ್ಷಕರು ನಕ್ಕದ್ದನ್ನು ನಾನು ನೋಡಿದೆ. ತಕ್ಷಣ ಮುಖ ಸರಿಮಾಡಿಕೊಂಡರು. ತಂತಿಯ ಕ್ಲಿಪ್ಪು ಬ್ಯಾಟರಿಗೆ ಕಚ್ಚಿಕೊಂಡಿತು, ಮೋಟಾರು ಮತ್ತೆ ನರಳಿತು, ಹಲಗೆ ಮೇಲೇರಿ ನಿಂತಿತು. ಅತ್ತೆ ಒಂದೊಂದೇ ಕಾಲು ಬಿಟ್ಟರು. ಪಾದ ನೆಲ ಹುಡುಕಿತು, ಸಿಕ್ಕಿತು. ಹಿಡಿಯ ಮೇಲೆ ಕೈಯೂರಿ ಸರಿದರು, ನಿಂತರು. ಯಾರ ಹೆಗಲೂ ಬೇಕಾಗಲಿಲ್ಲ. ನಾನು ದಿಂಬು ಹಿಡಿದು ಎದುರಿಗೇ ನಿಂತಿದ್ದೆ. ಆಚೆ ಸರಿ ಕಣಮ್ಮ, ದಾರಿ ಬಿಡು ಅಂದರು ಅತ್ತೆ.

ರಿಪೋರ್ಟು ಮತ್ತು ಯಂತ್ರ ಬೇರೆ ಬೇರೆ ಆದದ್ದಕ್ಕೆ ಅಂಕ ಕಡಿಮೆಯಾಯಿತು ಎಂದು ಆಮೇಲೆ ತಿಳಿಯಿತು. ಕುರ್ಚಿ ಮನೆಗೆ ಬಂದ ಮೇಲೂ ಅತ್ತೆ ಅದನ್ನು ದಿನಾ ಬಳಸಿದರು ಎಂದರೆ ಸುಳ್ಳಾಗುತ್ತದೆ. ನೆಂಟರು ಬಂದಾಗ ಒಮ್ಮೆ ಮೇಲೇರಿ ಇಳಿದು ತೋರಿಸುತ್ತಿದ್ದರು. ಮಿಕ್ಕಂತೆ ಸದ್ದು ಜಾಸ್ತಿ, ಟೀವಿ ಕೇಳಿಸಲ್ಲ ಎಂದು ದೂರುತ್ತಿದ್ದರು. ಜಯಮ್ಮ ಬಂದಾಗ ಮಾತ್ರ ಎರಡು ಸಲ ಏರಿ ಇಳಿದರು.

ವೈವಾ ಆದ ದಿನ ಸಂಜೆ ಮನೆಗೆ ಬಂದು ಬಸ್ಸಾರು ಬಿಸಿ ಮಾಡಿ ಮುದ್ದೆ ಕಟ್ಟಿದೆ. ಗಂಡ ಮಾರ್ಕೆಟ್ಟಿನಿಂದ ರಸಪೂರಿ ಮಾವಿನಹಣ್ಣು ತಂದಿದ್ದರು. ಇರ್ಫಾನನೂ ನಮ್ಮ ಜೊತೆ ಕೂತ. ಮುದ್ದೆಯನ್ನು ಅಗಿದದ್ದಕ್ಕೆ ಅತ್ತೆಯಿಂದ ಬೈಸಿಕೊಂಡ, ನುಂಗಲು ಕಲಿತ, ಇನ್ನೊಂದು ಹಾಕಿಸಿಕೊಂಡ. ಅತ್ತೆ ಎರಡು ಹಣ್ಣು ತಿಂದರು. ನಾನು ಒಂದು ಮುದ್ದೆ ಮುಗಿಸಿ, ತಟ್ಟೆ ಎತ್ತುವ ಮುನ್ನ ಎರಡು ನಿಮಿಷ ಎಂದು ಗೋಡೆಗೆ ಒರಗಿದ್ದಷ್ಟೇ ಗೊತ್ತು. ಎಲ್ಲರಿಗಿಂತ ಮೊದಲು ನಿದ್ದೆ ಹೋದದ್ದು ನಾನೇ ಅಂತೆ. ಮೈಮೇಲೆ ರಗ್ಗು ಹೊದಿಸಿದ್ದು ಅತ್ತೆಯಂತೆ. ಅವರು ಕೂತಲ್ಲಿಂದ ಹೇಗೆ ಎದ್ದರು, ಯಾರು ಹಿಡಿದುಕೊಂಡರು ಎಂದು ನಾನು ಮಾರನೆಯ ದಿನವೂ ಕೇಳಲಿಲ್ಲ.